ಅಕಾರಾದಿ ಅಡುಗೆಮನೆ

ಕಣ್ಣು ಮುಚ್ಚಿಕೊಂಡು ಕೈ ಚಾಚಿದರೂ ಬೇಕಾದ ವಸ್ತು ಸಿಗಬೇಕು, ಅದಕ್ಕೇ ವ್ಯವಸ್ಥೆ ಎನ್ನುವುದು. ಇದು ಈ ಕತೆಯ ಯಜಮಾನರ ಜೀವನಮಂತ್ರ. ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿ ಜೋಡಿಸಿಯೇ ತಲೆ ಬೆಳ್ಳಗಾದವರು ಅವರು. ಅ ಆ ಇ ಈ ಕ್ರಮ ತಪ್ಪಿ ಒಂದು ಪುಸ್ತಕ ಕೂತಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಜೊತೆಯವರು ಬೆನ್ನ ಹಿಂದೆ ಅವರನ್ನು 'ಅಕಾರಾದಿ' ಎಂದು ಕರೆಯುತ್ತಿದ್ದರು. ಅದು ಒಮ್ಮೆ ಕಿವಿಗೆ ಬಿದ್ದಾಗ ಯಜಮಾನರು ಬೇಸರಪಡಲಿಲ್ಲ, ಬಿರುದು ಸಿಕ್ಕವರಂತೆ ಬೀಗಿದರು.

ಆ ಬಿರುದು ನಡೆಯದ ಜಾಗ ಜಗತ್ತಿನಲ್ಲಿ ಒಂದೇ ಒಂದಿತ್ತು, ಅವರ ಮನೆಯ ಅಡುಗೆಮನೆ. ಅದು ಎಷ್ಟು ಚಿಕ್ಕದೆಂದರೆ, ಒಳಗೆ ಇಬ್ಬರು ನಿಂತರೆ ಒಬ್ಬರು ಉಸಿರು ಎಳೆದುಕೊಂಡಾಗ ಇನ್ನೊಬ್ಬರು ಬಿಡಬೇಕು. ಮೂರು ಸಾಲು ಹಲಗೆ, ಎರಡು ಉರಿಯ ಒಲೆ, ಒಂದು ಕಿಟಕಿ. ಹಲಗೆಗಳ ಮೇಲೆ ಉದ್ದದ್ದು, ಗಿಡ್ಡದ್ದು, ಸೊಟ್ಟದ್ದು ಎಂದು ತರಹೇವಾರಿ ಡಬ್ಬಗಳು. ಹೊರಗೆ ಬಿಸ್ಕತ್ತಿನ ಚಿತ್ರ, ಒಳಗೆ ಬೇಳೆ. ಹೊರಗೆ ಹಾಲಿನ ಪುಡಿಯ ಹೆಸರು, ಒಳಗೆ ಸಾಸಿವೆ. ಯಜಮಾನರ ಪಾಲಿಗೆ ಅದು ಅಡುಗೆಮನೆಯಲ್ಲ, ರಟ್ಟು ಬದಲಾಗಿ ಬೈಂಡಾದ ಪುಸ್ತಕಗಳ ರಾಶಿ.

ಹೆಂಡತಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಮೊದಲು ಬಲಗಣ್ಣಿನ ಆಪರೇಷನ್, ಎಡಗಣ್ಣಿನದು ಆಮೇಲೆ. ಆಸ್ಪತ್ರೆ ದೂರ. ಆದ್ದರಿಂದ ಅದರ ಹತ್ತಿರವೇ ಇದ್ದ ತಂಗಿಯ ಮನೆಯಲ್ಲಿ ಕೆಲವು ದಿನ ಉಳಿದು ಬರುವುದೆಂದು ನಿಶ್ಚಯವಾಯಿತು. ಹೊರಡುವಾಗ ಆಕೆ ಗಂಡನಿಗೆ ಹೇಳಿದ್ದು ಒಂದೇ ಮಾತು.

"ನಾನು ಬರೋವರೆಗೂ ಅಡುಗೆಮನೇಲಿ ಏನೂ ಅಲುಗಾಡಿಸಬೇಡಿ."

"ನನಗೆ ಬೇರೆ ಕೆಲಸ ಇಲ್ವಾ?" ಎಂದರು ಯಜಮಾನರು.

ನಿಜ ಹೇಳಬೇಕೆಂದರೆ ಇರಲಿಲ್ಲ. ಲೈಬ್ರರಿಗೆ ರಜೆ ಹಾಕಿದ್ದರು. ಮನೆಯಲ್ಲಿ ಒಬ್ಬರೇ. ಪೇಪರು ಓದಿ ಮುಗಿಸಿ, ಟೀ ಕಾಯಿಸಲು ಅಡುಗೆಮನೆಗೆ ಕಾಲಿಟ್ಟವರು ಆ ಡಬ್ಬಗಳನ್ನು ನೋಡಿದರು. ಡಬ್ಬಗಳೂ ಅವರನ್ನು ನೋಡಿದವು. ಮಂಗನ ಕೈಗೆ ಮಾಣಿಕ್ಯ ಸಿಕ್ಕ ಗಳಿಗೆ ಅದು. 'ಪಾಪ, ಕಣ್ಣು ಕಾಣದೆ ಈ ಗೊಂದಲದಲ್ಲಿ ಅವಳು ಎಷ್ಟು ಒದ್ದಾಡಿರಬೇಕು. ಅವಳು ಬರುವಷ್ಟರಲ್ಲಿ ಇದನ್ನು ಸ್ವರ್ಗ ಮಾಡಿಡದಿದ್ದರೆ ನಾನು ಅಕಾರಾದಿಯೇ ಅಲ್ಲ' ಎಂದು ಪಣ ತೊಟ್ಟರು.

ಪೇಟೆಯಿಂದ ಒಂದೇ ಎತ್ತರದ, ಒಂದೇ ಮುಚ್ಚಳದ ಪ್ಲಾಸ್ಟಿಕ್ ಡಬ್ಬಗಳು ಬಂದವು. ಹಳೆಯ ಡಬ್ಬಗಳೆಲ್ಲ ಗುಜರಿಯವನ ಗಾಡಿ ಹತ್ತಿದವು. ಹತ್ತಿಸುವಾಗ ಯಜಮಾನರಿಗೆ ಒಂದು ವಿಚಿತ್ರ ಕಂಡಿತು. ಒಂದು ಡಬ್ಬದ ಕುತ್ತಿಗೆಗೆ ಒಂದು ರಬ್ಬರ್ ಬ್ಯಾಂಡು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಉಲ್ಲನ್ ದಾರದ ಗಂಟು. ಸಾಬೂನು ಪುಡಿಯ ಡಬ್ಬಕ್ಕಂತೂ ಮೂರು ರಬ್ಬರ್ ಬ್ಯಾಂಡು. ಹೆಂಗಸರಿಗೆ ಏನೂ ಎಸೆಯಲು ಮನಸ್ಸು ಬರುವುದಿಲ್ಲ ಎಂದು ನಕ್ಕು, ಎಲ್ಲವನ್ನೂ ಬಿಚ್ಚಿ, ಒಂದು ಡಬ್ಬಕ್ಕೆ ತುಂಬಿ, ಮೇಲೆ 'ರಬ್ಬರ್ ಬ್ಯಾಂಡ್' ಎಂದು ಚೀಟಿ ಅಂಟಿಸಿ 'ರ' ಅಕ್ಷರದ ಜಾಗದಲ್ಲಿಟ್ಟರು. ವ್ಯವಸ್ಥೆ ಎಂದರೆ ವ್ಯವಸ್ಥೆ!

ಮೇಲಿನ ಹಲಗೆಗೆ ಸ್ವರಗಳು, ಕೆಳಗಿನ ಎರಡಕ್ಕೆ ವ್ಯಂಜನಗಳು. ಅಕ್ಕಿ, ಅರಿಶಿನ, ಉಪ್ಪು, ಎಣ್ಣೆ, ಏಲಕ್ಕಿ ಎಲ್ಲ ಮೇಲೆ. ಉಪ್ಪು ಬೇಕಾದರೆ ಸ್ಟೂಲು ಹತ್ತಬೇಕು, ಆದರೆ ಕ್ರಮ ತಪ್ಪಿಸುವಂತಿಲ್ಲ. ಕೈ ಒರೆಸುವ ಬಟ್ಟೆಯನ್ನು ಎಲ್ಲಿಡುವುದೆಂದು ಅರ್ಧ ಗಂಟೆ ಯೋಚಿಸಿ, ಕೊನೆಗೆ 'ಒ' ಎಂದು ಅದನ್ನೂ ಮೇಲೇರಿಸಿದರು. ನಡುವಿನ ಹಲಗೆಯಲ್ಲಿ ಬೆಂಕಿಪೊಟ್ಟಣದ ಪಕ್ಕಕ್ಕೆ ಬೆಣ್ಣೆ ಬಂದು ಕೂತಿತು. ಕೆಳಗಿನ ಹಲಗೆಯಲ್ಲಿ ಸಕ್ಕರೆ, ಸಾಬೂನು ಪುಡಿ, ಸಾಸಿವೆ ಒಂದೇ ಮನೆಯ ಮಕ್ಕಳ ಹಾಗೆ ಸಾಲಾಗಿ ನಿಂತವು.

ಹೆಂಡತಿ ಬಂದಳು. ಬಲಗಣ್ಣಿನ ಮೇಲೆ ದಪ್ಪ ಪಟ್ಟಿ. ಎಡಗಣ್ಣು ಮೊದಲೇ ಮಂಜು. ಕೈ ಹಿಡಿದು ಕರೆತಂದ ನಾದಿನಿ ಬಾಗಿಲಲ್ಲೇ ಡಾಕ್ಟರರ ಆಜ್ಞೆಗಳನ್ನು ಓದಿ ಹೇಳುವವಳಂತೆ ಒಪ್ಪಿಸಿದಳು.

"ಭಾವ, ಅಕ್ಕ ಬಗ್ಗಬಾರದು. ಭಾರ ಎತ್ತಬಾರದು. ಮುಖ್ಯವಾಗಿ ಜೋರಾಗಿ ಕೆಮ್ಮಬಾರದು, ಸೀನಬಾರದು. ಹೊಲಿಗೆ ಬಿಟ್ಟರೆ ಕಣ್ಣಿಗೇ ಕುತ್ತು ಅಂದಿದ್ದಾರೆ."

"ಇಲ್ಲಿ ಯಾಕೆ ಕೆಮ್ಮುತ್ತಾಳೆ? ಧೂಳಿನ ಒಂದು ಕಣ ಇಲ್ಲ" ಎಂದು ಯಜಮಾನರು ಎದೆಯುಬ್ಬಿಸಿದರು.

ಹೆಂಡತಿಗೆ ಆ ಮಾತು ಕೇಳಿಸಲಿಲ್ಲ. "ಮೊದಲು ನನ್ನ ಕೈಯಾರೆ ಒಂದು ಲೋಟ ಟೀ ಮಾಡ್ಕೋತೀನಿ. ಯಾರೂ ಬರಬೇಡಿ" ಎಂದು ಗೋಡೆ ಸವರುತ್ತ ಒಳಗೆ ಹೋದಳು. ಆ ದನಿಯಲ್ಲಿ ಎಂಥದೋ ಗುಟ್ಟಿನ ಸಂಭ್ರಮವಿತ್ತು. ಒಲೆಯ ಎಡಕ್ಕೆ ಕೈ ಚಾಚಿದಳು. ಅಲ್ಲಿ ಒಂದು ನುಣುಪು ಡಬ್ಬ. ಅದರ ಕುತ್ತಿಗೆ ಸವರಿದಳು. ನಡುವಿನ ಹಲಗೆಯ ಮೇಲಿನದೊಂದನ್ನು ಸವರಿದಳು. ಅದರ ಪಕ್ಕದ್ದನ್ನೂ. ಮೂರೂ ಒಂದೇ. ಕೈ ಗಾಳಿಯಲ್ಲೇ ನಿಂತಿತು.

"ರೀ," ಎಂದಳು ಮೆಲ್ಲಗೆ, "ಇದು ಯಾರ ಅಡುಗೆಮನೆ?"

"ನಿನ್ನದೇ" ಎಂದು ಯಜಮಾನರು ಒಳನುಗ್ಗಿದರು. "ಎಲ್ಲ ಅಕಾರಾದಿ. ಮೇಲೆ ಸ್ವರ, ಕೆಳಗೆ ವ್ಯಂಜನ. ವ್ಯಂಜನ ಅಂದ್ರೆ ಅಕ್ಷರವೂ ಹೌದು, ಊಟಕ್ಕೆ ನೆಂಚಿಕೊಳ್ಳೋದೂ ಹೌದು, ನೋಡು ಎಷ್ಟು ಹೊಂದಿಕೆ! ಇನ್ನು ಮೇಲೆ ನೀನು ಕಣ್ಣು ಮುಚ್ಚಿಕೊಂಡು..." ಎಂದವರು ಪಟ್ಟಿಯ ಕಡೆ ನೋಡಿ ಮಾತು ನುಂಗಿದರು.

"ಟೀ ಪುಡಿ ಎಲ್ಲಿದೆ?"

"ಚ ಅಕ್ಷರಕ್ಕೆ ಹೋಗು."

"ಟೀಗೆ ಯಾಕೆ ಚ?"

"ಚಹಾ."

"ಹುಟ್ಟಿದಾಗಿನಿಂದ ನಾನು ಟೀ ಅಂತಲೇ ಅಂದಿರೋದು. ಈಗ ಹೆಸರು ಬದಲಾಯಿಸಿದ್ದು ಯಾರು?"

"ಭಾವ," ಎಂದಳು ನಾದಿನಿ ಬಾಗಿಲಿಂದ, "ಟೀ ಕುಡಿಯೋಕೆ ಪರೀಕ್ಷೆ ಪಾಸಾಗಬೇಕಾ? ಪಕ್ಕಕ್ಕೆ ಸರಿಯಿರಿ, ನಾನು ಹಂಚಿನ ಮೇಲೆ ಎರಡು ಬ್ರೆಡ್ಡಾದರೂ ಬಿಸಿ ಮಾಡ್ತೀನಿ."

ಹೆಂಡತಿ ಮಾತಿಲ್ಲದೆ ಹೊರಗೆ ಬಂದು ಬಾಗಿಲ ಪಕ್ಕ ಕುರ್ಚಿಯಲ್ಲಿ ಕೂತಳು. ಬೈದಿದ್ದರೆ ಯಜಮಾನರಿಗೆ ಎಷ್ಟೋ ಹಿತವಾಗಿರುತ್ತಿತ್ತು. ಈ ಮೌನವನ್ನು ಹೇಗಾದರೂ ಚಪ್ಪಾಳೆಯಾಗಿಸಬೇಕೆಂಬ ಹಟ ಬಂತು. ನಾದಿನಿ ಒಂದು ಉರಿಯ ಮೇಲೆ ಹಂಚು ಇಟ್ಟಿದ್ದಳು. ಇವರು ಇನ್ನೊಂದರ ಮೇಲೆ ಟೀ ನೀರಿಟ್ಟು, ಹಾಲು ಬೆರೆಸಿ ಕುದಿಸಿದರು.

"ನೋಡ್ತಿರು. ಸಕ್ಕರೆ! ಕೆಳಗಿನ ಹಲಗೆ, ಸ ಅಕ್ಷರದ ಮೊದಲ ಡಬ್ಬ. ಇಗೋ, ನಾನೇ ಕಣ್ಣು ಮುಚ್ಚಿದೀನಿ."

ಕಣ್ಣು ಮುಚ್ಚಿಯೇ ಬಗ್ಗಿದರು, ಕಣ್ಣು ಮುಚ್ಚಿಯೇ ಮೊದಲ ಡಬ್ಬ ತೆಗೆದರು, ಕಣ್ಣು ಮುಚ್ಚಿಯೇ ಧಾರಾಳವಾಗಿ ಚಮಚ ಹಾಕಿದರು. ಅವರ ವ್ಯವಸ್ಥೆಯಲ್ಲಿ ತಪ್ಪೇನೂ ಇರಲಿಲ್ಲ. ಬೆಳಿಗ್ಗೆ ತಮ್ಮ ಟೀಗೆ ಸಕ್ಕರೆ ತೆಗೆದುಕೊಂಡಾಗ ಮಾತ್ರ, ಎಷ್ಟೋ ವರ್ಷದ ರೂಢಿಯಿಂದ ಕೈ ತಾನಾಗಿಯೇ ಆ ಡಬ್ಬವನ್ನು ಒಲೆಯ ಎಡಕ್ಕೆ ಇಟ್ಟಿತ್ತು, ಹೆಂಡತಿ ಯಾವಾಗಲೂ ಇಡುವ ಜಾಗದಲ್ಲಿ. ಹಾಗಾಗಿ ಸಕ್ಕರೆ ಇರಬೇಕಾದಲ್ಲಿ ಈಗ ಮೊದಲಿಗನಾಗಿ ನಿಂತಿದ್ದದ್ದು ಸಾಬೂನು ಪುಡಿ.

ಟೀ ಉಕ್ಕಿತು. ಹಾಲು ಉಕ್ಕುವುದನ್ನು ಎಲ್ಲರೂ ನೋಡಿರುತ್ತಾರೆ. ಇದು ಆ ಜಾತಿಯ ಉಕ್ಕಲ್ಲ. ಪಾತ್ರೆಯ ಮೇಲೆ ಬಿಳಿ ನೊರೆಯ ಗೋಪುರವೇ ಎದ್ದು, ನಿಂಬೆಹಣ್ಣಿನ ಪರಿಮಳ ಬೀರುತ್ತ ಒಲೆಯ ಮೇಲೆ ಇಳಿಯಿತು.

"ಭಾವ, ಟೀ ಮಾಡ್ತಿದೀರೋ ಬಟ್ಟೆ ನೆನೆಹಾಕಿದೀರೋ?"

"ಬಟ್ಟೆ! ಬಟ್ಟೆ ಕೊಡು, ಒರೆಸಬೇಕು!"

ಬಟ್ಟೆ 'ಒ' ಅಕ್ಷರದಲ್ಲಿತ್ತು, ಸ್ವರಗಳ ಜೊತೆ, ಮೇಲಿನ ಹಲಗೆಯಲ್ಲಿ. ಯಜಮಾನರು ಸ್ಟೂಲು ಹತ್ತಿದರು. ಬಟ್ಟೆ ಎಳೆಯುವಾಗ ಮೊಣಕೈ ನಡುವಿನ ಹಲಗೆಗೆ ತಗುಲಿತು. ಅಲ್ಲಿ 'ಮ' ಅಕ್ಷರದ ಮುಂದಾಳಾಗಿ ಮೆಣಸಿನಪುಡಿ ಕೂತಿತ್ತು. ಹೊಸ ಡಬ್ಬ, ಸಡಿಲ ಮುಚ್ಚಳ. ಅದು ಕೆಳಗೆ ಕಾದು ಕೆಂಪಾಗಿದ್ದ ಹಂಚಿನ ಮೇಲೆ ಬೋರಲು ಬಿತ್ತು.

ಆಮೇಲೆ ಅಲ್ಲಿದ್ದದ್ದು ಘಾಟು ಒಂದೇ. ಯಜಮಾನರು ಸ್ಟೂಲಿನ ಮೇಲೆ ನಿಂತೇ ಕೆಮ್ಮಿದರು, ಇಳಿದು ಕೆಮ್ಮಿದರು, ಬಾಗಿಲೆಂದು ಗೋಡೆಗೆ ಹಣೆ ಹೊಡೆದುಕೊಂಡು ಕೆಮ್ಮಿದರು. ಕಣ್ಣಲ್ಲಿ ಧಾರಾಕಾರ ನೀರು. ನಾದಿನಿ ಒಲೆ ಆರಿಸುವ ಗುಂಡಿ ಹುಡುಕಲು ಹೋಗಿ ನೊರೆಗೆ ಕೈ ಹಾಕಿ ಚೀರಿದಳು. ಹಂಚಿನ ಕೆಳಗೆ ಒಲೆ ಇನ್ನೂ ಉರಿಯುತ್ತಲೇ ಇತ್ತು. ನೋಡುವ ಕಣ್ಣಿದ್ದ ಇಬ್ಬರಿಗೂ ಏನೂ ಕಾಣುತ್ತಿರಲಿಲ್ಲ.

ಆಗ ಪಕ್ಕದಿಂದ ಒಂದು ಕೈ ಬಂತು. ಮೂಗು ಬಾಯಿ ಒತ್ತಿ ಹಿಡಿದು, ಉಸಿರು ಕಟ್ಟಿ, ಗೋಡೆ ಸವರಿಕೊಂಡು ಹೆಂಡತಿ ಒಳಗೆ ಬಂದಿದ್ದಳು. ಟಕ್ ಎಂದು ಒಂದು ಉರಿ ಆರಿತು. ಟಕ್ ಎಂದು ಇನ್ನೊಂದು. ಎರಡು ಹೆಜ್ಜೆ ಆಚೆ ಹೋಗಿ ಕಿಟಕಿಯ ಚಿಲಕ ತೆಗೆದಳು. ಆಮೇಲೆ ಗಂಡನ ತೋಳು ಸಿಕ್ಕಿತು, ಅದನ್ನು ಹಿಡಿದು ಹೊರಗೆಳೆದಳು. ಒಂದು ಕಡೆಯೂ ತಡವರಿಸಲಿಲ್ಲ. ಒಲೆ ಮತ್ತು ಕಿಟಕಿಯನ್ನು ಅಕಾರಾದಿಗೆ ಸೇರಿಸಲು ಯಜಮಾನರಿಗೆ ಸಾಧ್ಯವಾಗಿರಲಿಲ್ಲ, ಅದೇ ಪುಣ್ಯ.

ಹೊರಗೆ ಮೆಟ್ಟಿಲ ಮೇಲೆ ಮೂವರೂ ಕೂತರು. ನಾದಿನಿ ಡಾಕ್ಟರರಿಗೆ ಫೋನು ಹಚ್ಚಿದಳು. "ನೋವಿದೆಯಾ? ಚುಚ್ಚುತ್ತಾ?" ಎಂದು ಅವರು ಕೇಳಿದ್ದನ್ನು ಇವಳು ಅಕ್ಕನಿಗೆ ಕೇಳುವಾಗ, ಯಜಮಾನರು ಹೆಂಡತಿಯ ಮುಖ ನೋಡಲಾರದೆ ತಮ್ಮ ಪಾದ ನೋಡುತ್ತಿದ್ದರು. ಒಂದು ಸಲ, ಒಂದೇ ಒಂದು ಸಲ ಆಕೆ ಕೆಮ್ಮಿದ್ದರೆ?

"ಏನೂ ಇಲ್ಲ. ಉಸಿರು ಬಿಗಿ ಹಿಡಿದಿದ್ದೆ" ಎಂದಳು ಆಕೆ.

ಮೊದಲು ಹೇಳಿದಂತೆ ಡ್ರಾಪ್ಸ್ ಹಾಕಲಿ, ನೋವು ಬಂದರೆ ತಕ್ಷಣ ಕರೆತನ್ನಿ ಎಂದರು ಡಾಕ್ಟರು. ನಾದಿನಿ ಫೋನಿಟ್ಟು ಗಂಟಲು ಸರಿಮಾಡಿಕೊಂಡಳು. ಅಷ್ಟು ಮಾತಾಡುವಷ್ಟರಲ್ಲಿ ದನಿ ಪೂರ್ತಿ ಕೂತುಹೋಗಿತ್ತು. ಪಿಸುಗುಟ್ಟಿದಳು: "ಭಾವ, ನಿಮ್ಮ ವ್ಯಂಜನದ ಘಾಟಿಗೆ ನನ್ನ ಸ್ವರವೇ ಬಿದ್ದುಹೋಯ್ತು."

ಯಾರೂ ನಗಲಿಲ್ಲ. ಹೆಂಡತಿ ಗಂಡನ ಕಡೆ ತಿರುಗಿದಳು.

"ರಬ್ಬರ್ ಬ್ಯಾಂಡ್‌ಗಳನ್ನ ಏನು ಮಾಡಿದ್ರಿ?"

"ಯಾವ... ಓ, ಅವಾ? ಯಾಕೆ?"

"ಒಂದು ಇದ್ರೆ ಸಕ್ಕರೆ. ಎರಡು ಇದ್ರೆ ಉಪ್ಪು. ಗಂಟು ಹಾಕಿದ ದಾರ ಟೀ ಪುಡಿ. ಮುಟ್ಟಿದ್ರೆ ಗೊತ್ತಾಗ್ಲಿ ಅಂತ ಮಾಡಿಟ್ಟಿದ್ದೆ. ಹೋಗೋ ಮೊದಲು ದಿನಾ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಅಭ್ಯಾಸ ಮಾಡಿದ್ದೆ. ನೀವು ನೋಡಿದ್ರಲ್ಲ."

ನೋಡಿದ್ದರು. ಒಂದು ಮಧ್ಯಾಹ್ನ ಆಕೆ ಕಣ್ಣಿಗೆ ಟವೆಲ್ ಸುತ್ತಿಕೊಂಡು ಒಲೆಯ ಮುಂದೆ ನಿಂತಿದ್ದಳು. ಇವರು "ತಲೆನೋವಾ?" ಎಂದಿದ್ದರು, ಆಕೆ "ಹೂಂ" ಎಂದಿದ್ದಳು, ಇವರು ಪೇಪರಿಗೆ ಮರಳಿದ್ದರು.

"ನನಗೆ ಹೇಳಬಾರದಿತ್ತಾ?"

"ಅಲುಗಾಡಿಸಬೇಡಿ ಅಂತ ಹೇಳಿದ್ದೆ."

"ಯಾಕೆ ಅಂತ ಹೇಳಲಿಲ್ಲ."

"ಯಾಕೆ ಅಂತ ನೀವು ಕೇಳಲಿಲ್ಲ." ಆಮೇಲೆ ಆಕೆಯೇ ಮೆಲ್ಲಗೆ ಅಂದಳು, "ಕಣ್ಣು ಕಾಣದಿದ್ರೂ ಒಂದು ಲೋಟ ಟೀಗೆ ಯಾರ ಕೈಯನ್ನೂ ಕಾಯಬಾರದು ಅಂತ ಆಸೆ ಇತ್ತು. ಅಷ್ಟೇ."

ಯಜಮಾನರಿಗೆ ಭೂಮಿ ಬಾಯ್ಬಿಟ್ಟರೆ ಇಳಿದುಹೋಗಬೇಕೆನ್ನಿಸಿತು. ಕಣ್ಣು ಮುಚ್ಚಿದರೂ ಸಿಗಬೇಕು ಎಂದು ಜೀವಮಾನವಿಡೀ ಅವರು ಬಾಯಲ್ಲಿ ಹೇಳಿದ್ದನ್ನು ಆಕೆ ಸದ್ದಿಲ್ಲದೆ ಮಾಡಿಟ್ಟಿದ್ದಳು, ಅದನ್ನು ಅವರೇ ಬಿಚ್ಚಿ ಗುಜರಿಗೆ ಹಾಕಿದ್ದರು. ಕ್ಷಮಿಸು ಎನ್ನಲು ಬಾಯಿ ತೆರೆದರೆ ಕೆಮ್ಮು ಬಂತು.

ಎದ್ದು ಒಳಗೆ ಹೋದರು. ಘಾಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಕಣ್ಣು ತೆರೆಯಲಾಗದೆ ಕೆಳಗಿನ ಹಲಗೆ ತಡಕಿದರು. 'ರ' ಅಕ್ಷರದ ಡಬ್ಬ ಕೈಗೆ ಸಿಕ್ಕಿತು. ಇಡೀ ವ್ಯವಸ್ಥೆಯಲ್ಲಿ ಕಣ್ಣು ಮುಚ್ಚಿ ಸರಿಯಾಗಿ ಸಿಕ್ಕ ವಸ್ತು ಅದೊಂದೇ. ತಂದು ಹೆಂಡತಿಯ ಮಡಿಲಲ್ಲಿಟ್ಟು, ಹಿಂದೆಯೇ ಒಂದೊಂದಾಗಿ ಡಬ್ಬಗಳನ್ನು ಹೊತ್ತು ತಂದರು. ಆಕೆ ಮುಚ್ಚಳ ತೆಗೆದು, ಮೂಸಿ, ಬೆರಳಲ್ಲಿ ಮುಟ್ಟಿ ನೋಡಿ, ರಬ್ಬರ್ ಹಾಕುತ್ತ ಹೋದಳು. ಸಾಬೂನು ಪುಡಿಗೆ ಮೂರು ಬಿದ್ದವು.

"ಮೂರು ಅಂದ್ರೆ?" ಎಂದು ಯಜಮಾನರು ಈ ಸಲ ಕೇಳಿದರು.

"ಮೂರು ಅಂದ್ರೆ ಅಡುಗೆಗೆ ಸೇರಿಸಬಾರದ್ದು."

ಡಬ್ಬಗಳು ಮುಗಿದವು. ಆಕೆಯ ಮಡಿಲಲ್ಲಿ ಇನ್ನೂ ಕೆಲವು ಬ್ಯಾಂಡುಗಳು ಉಳಿದಿದ್ದವು.

"ಕೈ ಕೊಡಿ ಇಲ್ಲಿ."

ಯಜಮಾನರು ಕೊಟ್ಟರು. ಆಕೆ ಮಣಿಕಟ್ಟಿಗೆ ಒಂದು ರಬ್ಬರ್ ಬ್ಯಾಂಡು ಹಾಕಿದಳು. ಸಕ್ಕರೆ! ಅವರ ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು. ಎರಡನೆಯದನ್ನು ಹಾಕಿದಳು. ಇರಲಿ, ಉಪ್ಪಿಗಿಂತ ರುಚಿ ಬೇರೆಯಿಲ್ಲ ಎಂದು ಹಿರಿಯರೇ ಹೇಳಿದ್ದಾರೆ. ಕೈ ಹಿಂದಕ್ಕೆಳೆದುಕೊಳ್ಳಲು ನೋಡಿದರು. ಆಕೆ ಬಿಡಲಿಲ್ಲ.

ತಡಕಿ, ಮೂರನೆಯದನ್ನೂ ಹಾಕಿದಳು.