ಖಾಲಿ ಕಂಡ ಕೊಳವೆಗಳು

ಸೆಂಟ್ರಿ… ಸೆಂಟ್ರಿ ಏನೋ ಅಂತಾರೆ ಅದಕ್ಕೆ. ಸಣ್ಣ ಕೊಳವೆಗಳನ್ನು ಗರಗರ ತಿರುಗಿಸಿ ಅರೆದ ಎಲೆಯ ಚರಟವನ್ನು ತಳಕ್ಕೆ ಕೂಡಿಸುವ ಯಂತ್ರ. ಹೆಸರು ಮರೆತರೂ ಅದರ ಸುತ್ತ ನಡೆದದ್ದು ಮರೆತಿಲ್ಲ; ಬರೆದುಕೊಳ್ಳಲು ಕುಳಿತ ಮೊಮ್ಮಗಳಿಗೆ ಹೇಳುತ್ತಿದ್ದೇನೆ. ಶಹಾಪುರದ ಹತ್ತಿರ, ಕಾಲುವೆ ಕ್ಯಾಂಪಿನ ಲ್ಯಾಬಿನಲ್ಲಿ ತೊಗರಿ ಎಲೆಯಿಂದ ಡಿಎನ್‌ಎ, ಆರ್‌ಎನ್‌ಎ ಬೇರ್ಪಡಿಸುತ್ತಿದ್ದರು. ವಾರಕ್ಕೊಂದಾದರೂ ನಗೆಪಾಟಲು ಆಗಲೇಬೇಕು. ನಾನು ದೋರನಹಳ್ಳಿಯಿಂದ ಹೋಗಿಬರುತ್ತಿದ್ದ ಸಹಾಯಕಿ. "ಮೂರು ತಿಂಗಳು ನೋಡತೀನಿ. ಕೆಲಸ ಸರಿ ಅನಸಿದ್ರ ಕಾಯಂ," ಎಂದಿದ್ದರು ಲ್ಯಾಬ್ ನಡೆಸುವ ಮೇಡಮ್. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

೧. ಸಮ ಹೇರು

ಮೊದಲ ದಿನ ಒಂದೇ ಕೊಳವೆ ಇಟ್ಟು ಗುಂಡಿ ಒತ್ತಿದೆ. ಯಂತ್ರ ಮೇಜಿನ ಮೇಲೆ ಕುಣಿಯತೊಡಗಿತು. "ಎದುರಾಬದುರಾ ಸಮ ತೂಕ ಇಡಬೇಕವ್ವಾ!" ಎಂದು ಮೇಡಮ್ ಓಡಿಬಂದರು.

"ಮೊದಲ ಹೇಳಬಾರದೇನ್ರಿ? ನಮ್ಮ ಕತ್ತೆಗೂ ಎರಡೂ ಕಡಿ ಸಮ ಹೇರತೀವಿ."

"ಹಂಗಾರ ಇವತ್ತಿನಿಂದ ಈ ಕತ್ತೆ ನಿನ್ನ ತಾಬಾದಾಗ."

೨. ಮುಟ್ಟಬ್ಯಾಡ

ಆರ್‌ಎನ್‌ಎ ತೆಗೆಯುವ ದಿನ ಮೇಡಮ್ ಕೈಗವಸು ಕೊಟ್ಟರು. "ಬರಿಗೈಲೆ ಮುಟ್ಟಬ್ಯಾಡ, ಹಾಳಾಗ್ತದ."

ನಾನು ಕೇರಿಯಲ್ಲಿ ಬೆಳೆದವಳು. ಆ ಮಾತು ಕೇಳಿ ಕೇಳಿ ಸಾಕಾಗಿತ್ತು. "ನನಗೊಬ್ಬಾಕಿಗೇನ್ರಿ?"

"ನನಗೂ, ದೊಡ್ಡ ಸಾಹೇಬ್ರಿಗೂ."

ಅಷ್ಟರಲ್ಲಿ ಸಾಹೇಬರೇ ಬಂದು ಬರಿಗೈ ಚಾಚಿದರು. "ದೂರ ನಿಲ್ರಿ ಸಾಹೇಬ್ರ, ಮೈಲಿಗಿ ಆಗ್ತದ!" ಎಂದೆ. ಜನ್ಮದಲ್ಲಿ ಮೊದಲ ಸಲ ಅಂದದ್ದು; ಬಲು ರುಚಿ ಅನಿಸಿತು.

೩. ಹನ್ನೆರಡು ತೊಗರಿಯ ಸಾರು

ಮೂರು ತಿಂಗಳು ಮುಗಿಯಲು ಎರಡೇ ದಿನ. ಮೇಡಮ್ ಹನ್ನೆರಡು ತೊಗರಿ ತಳಿಗಳ ಹನ್ನೆರಡು ಕೊಳವೆಗಳನ್ನು ಕಾಗದದ ಮೇಲೆ ಬೋರಲು ಹಾಕಿ ಊಟಕ್ಕೆ ಹೋದರು. ಸ್ಪಿರಿಟ್ ವಾಸನೆ. ಬೆಳಕಿಗೆ ಹಿಡಿದು ನೋಡಿದೆ, ಖಾಲಿ. ಬೂದಿ ಹಾಕಿ ತಿಕ್ಕದಿದ್ದದ್ದೇ ಪುಣ್ಯ, ಚೊಕ್ಕಟಾಗಿ ತೊಳೆದಿಟ್ಟೆ.

ಮೇಡಮ್ ಬಂದು ಸ್ಟೂಲಿನ ಮೇಲೆ ಕುಸಿದರು. "ಡಿಎನ್‌ಎ ಒಣಗಿದ್ರ ಕಣ್ಣಿಗಿ ಕಾಣಂಗಿಲ್ಲವ್ವಾ! ತಳದಾಗ ಅಂಟಿತ್ತು!"

ಕಾಯಂ ಆಗುವ ಮಾತು ಮುಗಿಯಿತು ಅಂದುಕೊಂಡೆ. ಆದರೆ ಕಾಲುವೆ ಬಂದರೂ ತೊಳೆದ ನೀರು ಚೆಲ್ಲುವ ರೂಢಿ ನಮಗಿಲ್ಲ. ಕರಿಬೇವಿನ ಗಿಡಕ್ಕೆಂದು ಹಿಡಿದಿಟ್ಟ ಬಕೆಟ್ ತಂದು ಮುಂದಿಟ್ಟೆ. "ಹನ್ನೆರಡೂ ಇದರಾಗ ಅದಾವ್ರಿ. ಒಂದೂ ಹೋಗಿಲ್ಲ."

ಮೇಡಮ್ ಬಕೆಟ್ ನೋಡಿದರು, ನನ್ನ ನೋಡಿದರು. ಅಳುವಂತಿದ್ದವರು ನಕ್ಕುಬಿಟ್ಟರು. "ಎಲ್ಲಾ ಕೂಡಿಸಿ ಸಾರು ಮಾಡೀಯಲ್ಲೇ! ಪುಣ್ಯಾ, ಫ್ರೀಜರಿನಾಗ ಅರ್ಧ ಎಲಿ ಉಳದಾವ. ನಾಳಿಂದ ಇಬ್ರೂ ಕೂಡಿ ಅರೆಯೋಣು."

ಅರೆದೆವು, ತೆಗೆದೆವು, ನಾನು ಕಾಯಂ ಆದೆ. ಆದರೆ ಮೇಡಮ್ ತೊಳೆಯುವ ತೊಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಕಾಗದ ಅಂಟಿಸಿದರು: "ಖಾಲಿ ಕಂಡದ್ದನ್ನು ಕೇಳದೆ ತೊಳೆಯಬಾರದು."

ನಾಲ್ಕು ದಿನಕ್ಕೆ ಸಾಹೇಬರು ಕೂಗಿದರು, "ಚಹಾದ ಗ್ಲಾಸು ಒಂದೂ ಯಾಕ ತೊಳದಿಲ್ಲ?"

"ಖಾಲಿ ಕಂಡಾವ್ರಿ ಸಾಹೇಬ್ರ. ಮೇಡಮ್ ರಜಾದ ಮ್ಯಾಲ ಅದಾರ, ಯಾರನ್ನ ಕೇಳಲಿ?"

ನಗೋದು ಆಮ್ಯಾಲ, ಮೊಮ್ಮಗಳೇ. ಮೊದಲ ಇದನ್ನ ಬರಕೋ.