ಭಾವನ ಎರಡು ಸೀಟಿನ ಕಾರು

ಶಿರಸಿ ಪೇಟೆಯಲ್ಲಿ ಎಲ್ಲರಿಗಿಂತ ನಿಧಾನದ ಮನುಷ್ಯ ಯಾರು ಎಂದು ಆ ಕಾಲದಲ್ಲಿ ಸ್ಪರ್ಧೆ ಇಟ್ಟಿದ್ದರೆ ಬಹುಮಾನ ನಮ್ಮ ಭಾವನಿಗೇ ಸಿಗುತ್ತಿತ್ತು. ಅದನ್ನು ಇಸಿದುಕೊಳ್ಳಲು ಅವನು ಸಮಾರಂಭದ ಮರುದಿನ ಹೋಗುತ್ತಿದ್ದ, ಅಷ್ಟೇ.

ಭಾವ ಅಂದರೆ ನನ್ನ ಅಕ್ಕನ ಗಂಡ. ಕೆಲಸದಲ್ಲಿ ವಕೀಲ. ಕೋರ್ಟಿನಲ್ಲಿ ‘ಮಹಾಸ್ವಾಮಿ’ ಎಂದು ಶುರುಮಾಡಿ ಮುಂದಿನ ಶಬ್ದ ಹುಡುಕುವುದರೊಳಗೆ ನ್ಯಾಯಾಧೀಶರು ಊಟಕ್ಕೆ ಎದ್ದುಬಿಡುತ್ತಿದ್ದರಂತೆ. ಎದುರು ಪಕ್ಷದವರೇ ಬೇಸತ್ತು ರಾಜಿಗೆ ಬರುತ್ತಿದ್ದರಾದ್ದರಿಂದ ಅವನಿಗೆ ಕಕ್ಷಿದಾರರಿಗೇನೂ ಬರವಿರಲಿಲ್ಲ. ನಾನು ಆಗ ಶಿರಸಿಯ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತ. ಊಟ, ವಸತಿ ಅಕ್ಕನ ಮನೆಯಲ್ಲೇ. ಬೆಳಿಗ್ಗೆ ಭಾವ ದೋಸೆಗೆ ಕೂತಾಗ ನಾನು ಅಂಗಡಿಗೆ ಹೊರಟರೆ, ಮಧ್ಯಾಹ್ನ ಊಟಕ್ಕೆ ಬರುವಾಗ ಅವನು ಕೈ ತೊಳೆಯುತ್ತಿದ್ದ. ಸ್ವಲ್ಪ ಹೆಚ್ಚು ಹೇಳಿದೆ ಅನ್ನಿ. ಬಹಳ ಹೆಚ್ಚಲ್ಲ.

ಇಂಥ ಮನುಷ್ಯ ಇಡೀ ತಾಲೂಕಿಗೇ ವೇಗದ ಕಾರು ಕೊಂಡ ಎಂದರೆ ನೀವು ನಂಬುತ್ತೀರಾ? ಕೊಳ್ಳುವಾಗ ಪಕ್ಕದಲ್ಲೇ ನಿಂತಿದ್ದ ನನಗೇ ನಂಬಿಕೆ ಬಂದಿರಲಿಲ್ಲ.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಯಲ್ಲಾಪುರದಲ್ಲಿದ್ದ ಮರಾಠಿ ಸಾಹೇಬರೊಬ್ಬರು ಮುಂಬಯಿಗೆ ವರ್ಗ ಕೇಳಿ ಪಡೆದಿದ್ದರು. ಅವರ ಹತ್ತಿರ ಒಂದು ಪುಟ್ಟ ಕೆಂಪು ಕಾರು. ನೆಲಕ್ಕೆ ಹೊಟ್ಟೆ ಊರಿ ಕೂತ ಬೆಕ್ಕಿನ ಹಾಗಿತ್ತು. ಎರಡೇ ಬಾಗಿಲು, ಎರಡೇ ಸೀಟು. ತಲೆಯ ಮೇಲೆ ಬೇಕೆಂದಾಗ ಎಳೆದುಕೊಳ್ಳುವ ಒಂದು ಕ್ಯಾನ್ವಾಸ್ ಹೊದಿಕೆ. ಘಟ್ಟ ಇಳಿಸಿ ಮುಂಬಯಿವರೆಗೆ ಒಯ್ಯುವ ತಾಪತ್ರಯ ಬೇಡವೆಂದು ಅದನ್ನು ಮಾರುತ್ತಾರೆಂಬ ಸುದ್ದಿ ಕೋರ್ಟಿನ ಜಗಲಿಗೆ ಬಂತು. ಒಂದು ಭಾನುವಾರ ಭಾವ ನನ್ನನ್ನೂ ಕರೆದುಕೊಂಡು ಯಲ್ಲಾಪುರದ ಬಸ್ಸು ಹತ್ತಿದ.

ಸಾಹೇಬರು ಬೆಲೆ ಹೇಳಿದರು. ಭಾವ ಕಾರಿನ ಸುತ್ತ ಒಂದು ಸುತ್ತು ಬಂದ. “ಬರಂ, ಆಯ್ತು ವಕೀಲಸಾಹೇಬ, ಸ್ವಲ್ಪ ಕಮ್ಮಿ ಮಾಡೋಣ” ಎಂದರು ಸಾಹೇಬರು. ಭಾವ ಕನ್ನಡಕ ತೆಗೆದು ಒರೆಸಿದ, ಬಗ್ಗಿ ಚಕ್ರ ನೋಡಿದ. ಸಾಹೇಬರು ಇನ್ನೊಂದಿಷ್ಟು ಇಳಿದರು. ಭಾವ ಆಕಾಶ ನೋಡಿದ. ಸಾಹೇಬರ ಹಣೆಯಲ್ಲಿ ಬೆವರು. ಮೂರನೆಯ ಸಲ ಇಳಿದಾಗ ಬೆಲೆ ಅರ್ಧಕ್ಕೆ ಬಂದಿತ್ತು. ಆಗ ಭಾವ “ಹೂಂ” ಎಂದ.

“ಎಂಥಾ ಚೌಕಾಸಿ ಭಾವಾ!” ಎಂದು ನಾನು ಆಮೇಲೆ ಅವನ ಕೈ ಹಿಡಿದುಕೊಂಡೆ.

“ಎಂತಾ ಚೌಕಾಸಿನೋ?” ಎಂದ ಭಾವ. “ಮೊದಲು ಹೇಳಿದ ರೇಟಿಗೇ ಹೂಂ ಹೇಳನ ಹೇಳಿ ಮಾಡಿದ್ದಿ. ಆನು ಬಾಯಿ ತೆಗೆಯದ್ರೊಳಗೆ ಸಾಹೇಬ್ರೇ ಇಳಿಸಿಬಿಟ್ರು.”

ಭಾವನಿಗೆ ಕಾರು ಬಿಡಲು ಬರುತ್ತಿರಲಿಲ್ಲ. ಸಾಹೇಬರ ಡ್ರೈವರನೇ ಅದನ್ನು ಶಿರಸಿಗೆ ತಂದು, ಒಂದು ವಾರ ಇದ್ದು ಕಲಿಸಿ ಹೋಗುವುದೆಂದಾಯಿತು. ಒಂದು ಸೀಟಿಗೆ ಡ್ರೈವರ್, ಇನ್ನೊಂದಕ್ಕೆ ಭಾವ. ವ್ಯವಹಾರ ಕುದುರಿಸಲು ಜೊತೆಗೆ ಹೋದ ನಾನು ಬಸ್ಸಿನಲ್ಲಿ ನಿಂತುಕೊಂಡು ಬಂದೆ.

ಮನೆಯಲ್ಲಿ ಅಕ್ಕ ಬಾಗಿಲಲ್ಲೇ ನಿಂತು ನೋಡಿದಳು. “ತಲೆ ಮೇಲೆ ಸೂರಿಲ್ದೇ ಹೋದ ಬಂಡಿಲಿ ಆನು ಕೂತ್ಕತ್ನಿಲ್ಲೆ” ಎಂದಳು. ಸಿದ್ದಾಪುರದಿಂದ ಬಂದ ನಮ್ಮ ಆಯಿ ಅಳಿಯನೆದುರು ಏನೂ ಅನ್ನದೆ, ಅಡುಗೆಮನೆಗೆ ಬಂದು ನನ್ನನ್ನು ಹಿಡಿದುಕೊಂಡಳು. “ನೆಂಟ್ರು ಬಂದ್ರೆ ಎಲ್ಲಿ ಕೂರ್ಸ್ತ್ವಡಾ? ನಿನ್ನ ಭಾವಂಗೆ ಬುದ್ಧಿ ಹೇಳವ್ವು ಯಾರೂ ಇಲ್ಯ?” ಊರಿನವರಿಗೂ ಅದೇ ಸಿಟ್ಟು. ವಕೀಲರು ಕಾರು ತಂದರೆ ನಾಲ್ಕು ಮಂದಿ ಹತ್ತಿ ಇಳಿಯಬೇಕು, ಹೌದೋ ಅಲ್ಲವೋ? ಕೈ ಅಡ್ಡ ಮಾಡಿದವರಿಗೆಲ್ಲ ಭಾವ ಗಾಡಿ ನಿಲ್ಲಿಸಿ, ಪಕ್ಕದ ಸೀಟು ತೋರಿಸಿ, “ಅವಳದ್ದು” ಎನ್ನುತ್ತಿದ್ದ. ಅಕ್ಕ ಕೂರದಿದ್ದ ದಿನಗಳಲ್ಲೂ.

ಹದಿನೈದು ದಿನಕ್ಕೆ ಅಕ್ಕ ಕೂತಳು. ಸೆರಗನ್ನು ತಲೆಗೆ ಬಿಗಿದುಕೊಂಡು, ಕೈಯಲ್ಲಿ ಛತ್ರಿ ಹಿಡಿದು. ಕ್ಯಾನ್ವಾಸ್ ಹರಿದು ಜರಡಿಯಾಗಿತ್ತಾದ್ದರಿಂದ ಮಳೆ ಬಂದರೆ ಅವಳೇ ಛತ್ರಿ ಬಿಚ್ಚುತ್ತಿದ್ದಳು. ಓಡುವ ಕಾರಿನಲ್ಲಿ ಛತ್ರಿ ಮಡಚಿ ಹಾರದೆ ಇರುತ್ತದೆಯೇ ಎಂದು ನೀವು ಕೇಳಬಹುದು. ಭಾವ ಬಿಡುವ ವೇಗಕ್ಕೆ ಅದರ ಕಡ್ಡಿ ಕೂಡ ಅಲುಗುತ್ತಿರಲಿಲ್ಲ. ಬನವಾಸಿ ರಸ್ತೆಯಲ್ಲಿ ಎತ್ತಿನ ಗಾಡಿಯವನೊಬ್ಬ ಕಾರನ್ನು ದಾಟಿ ಮುಂದೆ ಹೋಗಿ, ಗಾಡಿ ನಿಲ್ಲಿಸಿ, ಇಳಿದು ಬಂದು, “ಕೆಟ್ಟೈತೇನ್ರಿ ವಕೀಲ್ರ? ನಮ್ಮ ಎತ್ತಿಗೆ ಕಟ್ಟೂಣೇನ್ರಿ?” ಎಂದು ಮರ್ಯಾದೆಯಿಂದಲೇ ಕೇಳಿದನಂತೆ.

“ಇಲ್ಲಪ್ಪ, ಓಡ್ತಾ ಇದೆ” ಎಂದನಂತೆ ಭಾವ.

ಇದನ್ನು ಹೇಳುತ್ತ ಅಕ್ಕ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಅವಳು ಹಾಗೆ ನಕ್ಕದ್ದನ್ನು ನಾನು ಕಂಡು ಎಷ್ಟೋ ಕಾಲವಾಗಿತ್ತು.

ವರ್ಷ ಕಳೆಯುವುದರೊಳಗೆ ಎಕ್ಕಂಬಿಯ ಸಾಹುಕಾರರೊಬ್ಬರಿಂದ ನನಗೆ ಒಂದು ಪ್ರಸ್ತಾಪ ಬಂತು. ಅವರಲ್ಲಿ ನಾಲ್ಕು ಸೀಟಿನ ಕಾರಿತ್ತು, ತಲೆಯ ಮೇಲೆ ಗಟ್ಟಿ ತಗಡಿನ ಮಾಡು, ಹೊಸ ಟಯರು. ಅವರ ಅಳಿಯನಿಗೆ ಮಾತ್ರ ನಮ್ಮ ಕೆಂಪು ಬೆಕ್ಕಿನ ಮೇಲೆ ಮನಸ್ಸು. ಕಾರಿಗೆ ಕಾರು, ಮೇಲೊಂದು ಪೈಸೆ ಬೇಡ. ನಾನು ಹಿಗ್ಗಿಹೋದೆ. ಎರಡು ಸಲ ಸೈಕಲ್ ಹೊಡೆದು ಎಕ್ಕಂಬಿಗೆ ಹೋಗಿ ಮಾತು ಪಕ್ಕಾ ಮಾಡಿದೆ. ಭಾವ “ನೋಡನ” ಎಂದ. ಅವನ ‘ನೋಡನ’ ಎಂದರೆ ಕೋರ್ಟಿನ ವಾಯಿದೆ; ತಿಂಗಳು ಕಳೆಯಿತು.

ಅಷ್ಟರಲ್ಲಿ ಕಾರಿನ ಯಾವುದೋ ಬಿಡಿಭಾಗ ಮುರಿದು, ಹುಬ್ಬಳ್ಳಿಯಿಂದ ಬರುವವರೆಗೆ ಅದು ನಿಂತಿತು. ಸಿದ್ದಾಪುರದಲ್ಲಿ ಚಿಕ್ಕಮ್ಮನ ಮನೆಯ ಮುಂಜಿ. ಭಾವನಿಗೆ ಕೋರ್ಟು. ಅಕ್ಕನನ್ನು ನಾನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅವಳ ಪಕ್ಕ ಕೂತ ಹೆಂಗಸು ಒಳ್ಳೆಯವಳು, ಹೂವಿನ ದಂಡೆಯಲ್ಲಿ ಅರ್ಧ ಹರಿದು ಅಕ್ಕನಿಗೆ ಕೊಟ್ಟಳು. ಕೊಟ್ಟು, “ಮಕ್ಕಳೆಷ್ಟು ತಂಗಿ?” ಎಂದಳು.

“ಇಲ್ಲೆ” ಎಂದು ತಲೆ ಅಲ್ಲಾಡಿಸಿದಳು ಅಕ್ಕ.

“ಮದುವೆಯಾಗಿ?”

“ಹನ್ನೊಂದು ವರ್ಷ.”

ಆಮೇಲೆ ಮುಂದಿನ ಸೀಟಿನವಳೂ ತಿರುಗಿದಳು. ಒಬ್ಬಳು ವೈದ್ಯರ ಹೆಸರು ಹೇಳಿದಳು, ಇನ್ನೊಬ್ಬಳು ಹರಕೆ ಹೇಳಿದಳು. ಎಲ್ಲ ಕಳಕಳಿಯ ಮಾತೇ. ಅಕ್ಕ ಹೂಂಗುಟ್ಟುತ್ತ, ಸಿದ್ದಾಪುರ ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಳು.

ತಿರುಗಿ ಬಂದ ಮೇಲೆ ನಾನು ಭಾವನೊಡನೆ ಜಗಳವನ್ನೇ ತೆಗೆದೆ. “ಬಸ್ಸಿನ ಗೋಳು ಸಾಕು ಮಾರಾಯಾ. ಎಕ್ಕಂಬಿ ಕಾರಿಗೆ ಹೂಂ ಹೇಳು. ನಾಲ್ಕು ಜನ ಆರಾಮಾಗಿ ಕೂತ್ಕಂಬಲಕ್ಕು.”

ಭಾವ ಅಂಗಳದಲ್ಲಿ ಕಾರು ಒರೆಸುತ್ತಿದ್ದ. “ಬಸ್ಸಲ್ಲಿ ಅವಳ ಪಕ್ಕ ಯಾರು ಕೂತಿದ್ರು?” ಎಂದ.

ನಾನು ನಡೆದದ್ದನ್ನು ಹೇಳಿದೆ. ಅವನು ಒರೆಸುವುದನ್ನು ನಿಲ್ಲಿಸಿದ.

“ಪ್ರತಿ ಸಲವೂ ಹಂಗೇಯ” ಎಂದ. “ಬಸ್ಸಿಳಿದು ಬಂದ ದಿನ ಅವಳು ಊಟ ಮಾಡ್ತಿಲ್ಲೆ. ಇದ್ರಲ್ಲಿ ಅವಳ ಪಕ್ಕ ಆನೊಬ್ಬನೇ ಕೂತ್ಕಂಬಲಕ್ಕು, ಮತ್ಯಾರೂ ಅಲ್ಲ. ನಾಲ್ಕು ಸೀಟಿಂದಾದ್ರೆ...” ಎಂದು ಒಳಗೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. “ಹಿಂದಿನ ಸೀಟು ಖಾಲಿ ಕಾಣ್ತಲೋ.”

ನಾನು ಮರುದಿನ ಎಕ್ಕಂಬಿಗೆ ಹೋಗಿ ಮಾತು ಮುರಿದು ಬಂದೆ. ಸಾಹುಕಾರರಿಗೆ ಆಶ್ಚರ್ಯ. ಇಂಥ ಲಾಭದ ವ್ಯವಹಾರ ಬಿಡುವುದಕ್ಕೆ ಕಾರಣವಾದರೂ ಏನು ಎಂದು ಕೇಳಿದರು.

“ನಮ್ಮ ಭಾವ ಸ್ವಲ್ಪ ತಿಕ್ಕಲು” ಎಂದು ಹೇಳಿ ಸೈಕಲ್ ಹತ್ತಿದೆ.