ಹದಿನೇಳು ಕೋಟು

ಆ ಹುಡುಗಿಯ ಕೈ ನಡುಗದೆ ಇದ್ದಿದ್ದರೆ ಲಾಂಡ್ರಿಯಣ್ಣ ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಡದೆ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೂ ಇರಲಿಲ್ಲ.

ಎಂಬಿಎ ಕಾಲೇಜಿನಲ್ಲಿ ಉಳಿದಿದ್ದದ್ದು ಒಂದೇ ಸೀಟು. ಸಂದರ್ಶನದ ಕೋಣೆಯ ಹೊರಗೆ, ಬೆಂಚಿನ ಮೇಲೆ ಆರು ಜನ. ಐವರು ಮೊನ್ನೆ ಮೊನ್ನೆ ಡಿಗ್ರಿ ಮುಗಿಸಿದ ಎಳೆಯರು. ಆರನೆಯವನು ಲಾಂಡ್ರಿಯಣ್ಣ, ವಯಸ್ಸು ಮೂವತ್ತೊಂಬತ್ತು ವರ್ಷ ಹನ್ನೊಂದು ತಿಂಗಳು. ನಲವತ್ತು ತುಂಬಿದವರನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ. ಹೆಂಡತಿ ಆಗಲೇ ಅಂಗಡಿಗೆ ಹೊಸ ಬೋರ್ಡು ಬರೆಸಿ, ಗಂಡನ ಹೆಸರಿನ ಪಕ್ಕ ಮೂರು ಅಕ್ಷರದಷ್ಟು ಜಾಗ ಖಾಲಿ ಬಿಡಿಸಿದ್ದಳು. ಬೀದಿಯವರು ಹೆಸರು ಬಿಟ್ಟು ಆ ಖಾಲಿ ಜಾಗವನ್ನೇ ಓದುತ್ತಿದ್ದರು. ಅರ್ಜಿಯಲ್ಲಿ ‘ಲಾಂಡ್ರಿ’ ಎಂದು ಬರೆಯಬೇಡಿ, ‘ಸ್ವಂತ ಉದ್ಯಮ’ ಎಂದರೆ ಗತ್ತು ಎಂದವಳೂ ಅವಳೇ.

“ಅಣ್ಣಾ, ನಿಮ್ಮ ಜೀವನದ ದೊಡ್ಡ ಸೋಲು ಯಾವುದು ಅಂತ ಕೇಳೇ ಕೇಳ್ತಾರಂತೆ,” ಪಕ್ಕದ ಹುಡುಗಿ ಪಿಸುಗುಟ್ಟಿದಳು. ಕೈಯಲ್ಲಿದ್ದ ಫೈಲು ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿತ್ತು. “ನಾನಿನ್ನೂ ಸೋತೇ ಇಲ್ವಲ್ಲ!”

“ಅಯ್ಯೋ, ಅಷ್ಟಕ್ಕೆ ಯಾಕಮ್ಮ ಹೆದರ್ತೀಯ? ನನ್ನ ಕತೆ ಕೇಳು.”

ಮದುವೆ ಮೆರವಣಿಗೆಯ ವಾದ್ಯದವರು ಇಸ್ತ್ರಿಗೆ ಕೋಟು ಕೊಟ್ಟಿದ್ದರು. ಲಾಂಡ್ರಿಯಣ್ಣ ಷಡ್ಡಕನ ಜೊತೆ ಫೋನಿನಲ್ಲಿ ಹರಟುತ್ತ ಇಸ್ತ್ರಿಪೆಟ್ಟಿಯನ್ನು ಮರೆತ. ಮೂರು ಕೋಟು ಸುಟ್ಟವು ಎಂದಾಗ ಹುಡುಗಿ ಮುಗುಳ್ನಕ್ಕಳು. ಹತ್ತು ಎಂದಾಗ ಬೆಂಚಿಗೆ ಬೆಂಚೇ ನಕ್ಕಿತು. ಹದಿನೇಳಕ್ಕೆ ಅವಳ ಕೈನಡುಕ ನಿಂತಿತು. ಅಲ್ಲಿಗೆ ಅವನೂ ನಿಲ್ಲಿಸಿದ.

“ಹದಿನೇಳು ಬೆನ್ನಿನ ಮೇಲೂ ಇಸ್ತ್ರಿಪೆಟ್ಟಿ ಗುರುತು! ಜನ ‘ಯಾವ ಟೈಲರು ಹೊಲಿದಿದ್ದು?’ ಅಂತ ಕೇಳಿದ್ರಂತೆ. ಅವತ್ತಿಂದ ಪೆಟ್ಟಿ ಬಿಸಿ ಇರೋವಾಗ ನಾನು ಫೋನ್ ಮುಟ್ಟಲ್ಲ. ಸೋತು ಏನು ಕಲಿತೆ ಅನ್ನೋದಮ್ಮ ಮುಖ್ಯ.”

ಮೊದಲು ಹುಡುಗಿಯನ್ನು ಕರೆದರು. ಸ್ವಲ್ಪ ಹೊತ್ತಿಗೆ ಒಳಗಿಂದ ಗೊಳ್ಳೆಂಬ ನಗು. ಹೊರಗೆ ಬಂದವಳ ಮುಖ ಹಬ್ಬವಾಗಿತ್ತು.

“ಏನು ಹೇಳಿದೆಯಮ್ಮ?”

“ಏನೋ… ಬಾಯಿಗೆ ಬಂದದ್ದು ಹೇಳಿದೆ ಅಣ್ಣ.”

ಎರಡನೆಯವನು ಹೋದಾಗ ನಗು ಸಣ್ಣಗಾಯಿತು. ಮೂರನೆಯವನಿಗೆ ಕೆಮ್ಮು ಮಾತ್ರ ಕೇಳಿಸಿತು. ಟೈ ಕಟ್ಟಿದ್ದ ಐದನೆಯ ಹುಡುಗ ಲಾಂಡ್ರಿಯಣ್ಣನ ಮುಖ ನೋಡದೆ ನೀರು ಕುಡಿಯಲು ಓಡಿದ.

ಲಾಂಡ್ರಿಯಣ್ಣನ ಸರದಿ ಬಂದಾಗ ಮಧ್ಯಾಹ್ನ ಮೂರು ಗಂಟೆ. ಐದು ತಾಸು ಬೆಂಚಿಗೆ ಒರಗಿ ಕೂತು, ಅವನ ಕೋಟು ಹಿಂಡಿ ಬಿಸಾಡಿದ ನೆಲ ಒರೆಸುವ ಬಟ್ಟೆಯಂತಾಗಿತ್ತು.

“ನಿಮ್ಮ ದೊಡ್ಡ ಸೋಲು?” ಕನ್ನಡಕದ ಮೇಡಂ ಕೇಳಿದರು.

“ನಂದು ಲಾಂಡ್ರಿ, ಮೇಡಂ. ಒಂದ್ಸಲ ವಾದ್ಯದವರ ಕೋಟು…”

ಮೂರು ಪೆನ್ನುಗಳು ಒಟ್ಟಿಗೆ ಮೇಜಿನ ಮೇಲೆ ಮಲಗಿದವು.

“ಎಷ್ಟು ಕೋಟು?”

ಬೆಂಚಿನ ಮೇಲಿನ ಮಾತು ಬೇರೆ, ಇಲ್ಲಿಯದು ಬೇರೆ. ಲಾಂಡ್ರಿಯಣ್ಣ ನಿಜವನ್ನೇ ಹೇಳಿದ. “ಒಂದು, ಮೇಡಂ. ಡೋಲಿನವನದು. ಹೊಟ್ಟೆ ಹತ್ರ ಸುಟ್ಟಿತ್ತು. ಡೋಲು ಅಡ್ಡ ಇತ್ತಲ್ಲ, ಯಾರಿಗೂ ಕಾಣಲಿಲ್ಲ.”

“ಬೆಳಗ್ಗೆಯಿಂದ ಐದು ಜನ ಇದೇ ಕತೆ ಹೇಳಿದ್ರು. ಐವರೂ ಹದಿನೇಳು ಅಂದ್ರು. ಕದಿಯೋದು ಕದ್ರಿ, ಪೂರ್ತಿಯಾಗಿ ಕದೀಬಾರದಾ?”

“ಮೇಡಂ, ಅದು ನನ್ನದೇ ಕತೆ!”

“ಅವರೂ ಹಾಗೇ ಅಂದ್ರು. ಮೊದಲು ಬಂದ ಹುಡುಗಿಯದು ಮಾತ್ರ ನಿಜ. ಅವರಪ್ಪನ ಲಾಂಡ್ರಿಯಂತೆ. ಹೇಳೋವಾಗ ಒಂದು ಚೂರು ಕೈ ನಡುಗಲಿಲ್ಲ ನೋಡಿ!” ಮೇಡಂ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಲಾಂಡ್ರಿಯವರ ಕೋಟು ಹೀಗಿರುತ್ತೇನ್ರೀ?”

ಅರ್ಧ ಗಂಟೆಯಲ್ಲಿ ಬಾಗಿಲಿಗೆ ಚೀಟಿ ಅಂಟಿತು. ಅದರಲ್ಲಿ ಒಂದೇ ಹೆಸರು, ಆ ಹುಡುಗಿಯದು. ಹುಡುಗಿ ಓಡಿ ಬಂದಳು, ಕಣ್ಣಲ್ಲಿ ನೀರು.

“ತಪ್ಪಾಯ್ತಣ್ಣ. ಒಳಗೆ ಹೋದ ತಕ್ಷಣ ನಿಮ್ಮ ಕತೆ ಬಿಟ್ಟು ಬೇರೇನೂ ನೆನಪಾಗಲಿಲ್ಲ.”

ಬೈಯಬೇಕೆಂದು ಬಾಯಿ ತೆರೆದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವ್ವ ಹೇಳುತ್ತಿದ್ದದ್ದು ನೆನಪಾಯಿತು. ಇಂದು ಹೋಗಬೇಕಾದ್ದೆಲ್ಲ ಬೆಳಗ್ಗೆಯೇ ಹೋಗಿತ್ತು.

“ಇರಲಿ, ಓದಿ ಮುಂದೆ ಬಾ ತಾಯಿ,” ಎಂದ. ಅವಳ ಕೋಟಿನ ತೋಳು ಮುದುಡಿದ್ದು ಕಣ್ಣಿಗೆ ಬಿತ್ತು. ಕಸುಬಿನ ಕೈ ಸುಮ್ಮನಿರುತ್ತದೆಯೇ? “ಕೊಡಮ್ಮ, ಮೊದಲ ದಿನ ಹಾಕ್ಕೊಳ್ಳೋಕೆ ನಾನೇ ಇಸ್ತ್ರಿ ಮಾಡಿಕೊಡ್ತೀನಿ. ಕಾಸು ಬೇಡ.”

ಹುಡುಗಿ ಕೋಟನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು ಹಿಂದೆ ಸರಿದಳು.

“ಬೇಜಾರು ಮಾಡ್ಕೋಬೇಡಿ ಅಣ್ಣ… ಹದಿನೇಳು ಕೋಟು ಸುಟ್ಟೋರು ನೀವು.”